ಬ್ರೇಡ್ ಗುಡ್ಡದ ಗಾಲ್ಫ್: ಮೆಂಬರ್ ಅಲ್ಲದವರೂ ಆಡಬಹುದಾ?

ಹೋದ ಸಂಚಿಕೆಯಲ್ಲಿ ಸ್ಕಾಟ್ಲೆಂಡ್ ಪ್ರವಾಸದ ಬಗ್ಗೆ ಒಬ್ಬರಿಗೆ ಉತ್ತರ ಕೊಡುವಾಗ, ಎಡಿನ್‌ಬರೋ ಊರಿನ ಬ್ರೇಡ್ ಹಿಲ್ಸ್ ಅನ್ನುವ ಸಾರ್ವಜನಿಕ ಗಾಲ್ಫ್ ಮೈದಾನದ ಮಾತು ಎರಡೇ ಸಾಲು ಬಂದಿತ್ತು. ಆ ಎರಡು ಸಾಲಿಗೇ ಇಷ್ಟೊಂದು ಪತ್ರ ಬರುತ್ತೆ ಅಂದುಕೊಂಡಿರಲಿಲ್ಲ. ಅಲ್ಲಿ ಕೆಲವು ವರ್ಷ ಇದ್ದು, ಆ ಗುಡ್ಡದಲ್ಲಿ ಆಡಿದವನು ನಾನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮಗಳು ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗುತ್ತಿದ್ದೇವೆ. ಸ್ನೇಹಿತರ ಜೊತೆ ಡ್ರೈವಿಂಗ್ ರೇಂಜಿನಲ್ಲಿ ಚೆಂಡು ಹೊಡೆದು ಅಭ್ಯಾಸ ಇದೆ, ಪೂರ್ತಿ 18 ಹೋಲ್ ಯಾವತ್ತೂ ಆಡಿಲ್ಲ. ಯಾವ ಕ್ಲಬ್ಬಿಗೂ ಮೆಂಬರ್ ಅಲ್ಲ. ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ಕೇಳುವುದಕ್ಕೇ ಒಂಥರಾ ಸಂಕೋಚ.
— ಓದುಗರು, ಮೈಸೂರು

ಉತ್ತರ: ಬಿಡ್ತಾರೆ ಸರ್. ಸಂಕೋಚ ಬೇಡವೇ ಬೇಡ. ಬಿಡುವುದಕ್ಕೆಂದೇ ಮಾಡಿದ ಮೈದಾನ ಅದು.

ನಮ್ಮಲ್ಲಿ ಗಾಲ್ಫ್ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಎತ್ತರದ ಗೋಡೆ, ಗೇಟು, ಗೇಟಿನ ಹತ್ತಿರ ಸೆಕ್ಯೂರಿಟಿ, ಒಳಗೆ ಯಾರೋ ದೊಡ್ಡವರು. ಸ್ಕಾಟ್ಲೆಂಡಿನಲ್ಲೂ ಅಂಥ ಕ್ಲಬ್ಬುಗಳಿವೆ, ಇಲ್ಲ ಅನ್ನಲ್ಲ. ಆದರೆ ಅದರ ಜೊತೆಗೇ ಇನ್ನೊಂದು ದಾರಿ ಮೊದಲಿನಿಂದಲೂ ಇದೆ. ಊರಿನ ಬಯಲಿನಲ್ಲಿ ಊರಿನವರು ಆಡುವುದು. ಎಡಿನ್‌ಬರೋ ಮಧ್ಯದಲ್ಲೇ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಅಂತ ಒಂದು ಹುಲ್ಲುಬಯಲು ಇದೆ. ಅಲ್ಲಿ ನೂರಾರು ವರ್ಷದಿಂದ ಜನ ಗಾಲ್ಫ್ ಆಡುತ್ತಿದ್ದರು. 19ನೇ ಶತಮಾನದಲ್ಲಿ ಊರು ಬೆಳೆಯಿತು, ಸುತ್ತ ಮನೆಗಳು ಎದ್ದವು, ನಡೆದಾಡುವವರು ಹೆಚ್ಚಾದರು. ಗಾಲ್ಫ್ ಚೆಂಡು ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತು. ಮಕ್ಕಳು ಮರಿ ಓಡಾಡುವ ಬಯಲಲ್ಲಿ ಅದು ಹಾರಾಡಿದರೆ ಜಗಳ ಆಗದೆ ಇರುತ್ತಾ?

ಆಗ ಊರಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆ ಥರದ್ದು, ಏನು ಮಾಡಿತು ನೋಡಿ. ಆಟ ನಿಲ್ಲಿಸಿ ಅಂತ ಬೋರ್ಡು ಹಾಕಿ ಕೈತೊಳೆದುಕೊಳ್ಳಲಿಲ್ಲ. ಊರಿನ ದಕ್ಷಿಣಕ್ಕೆ ಇದ್ದ ಬ್ರೇಡ್ ಗುಡ್ಡಗಳನ್ನು 1889ರಲ್ಲಿ ಕೊಂಡುಕೊಂಡು, ಜನ ಆಡಲಿ ಅಂತ ಬಿಟ್ಟುಕೊಟ್ಟಿತು. ಮೈದಾನದ ನಕ್ಷೆ ಹಾಕಿದವರಲ್ಲಿ ಒಬ್ಬರು ಪಕ್ಕದ ಮಸಲ್‌ಬರೋ ಊರಿನ ಬಾಬ್ ಫರ್ಗೂಸನ್. 1880, 1881, 1882 ಮೂರೂ ವರ್ಷ ಓಪನ್ ಚಾಂಪಿಯನ್‌ಶಿಪ್ ಅನ್ನುವ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯ ಗೆದ್ದವರು. ಆಮೇಲೆ ಪಕ್ಕದಲ್ಲೇ ಇನ್ನೊಂದು ಕೋರ್ಸನ್ನೂ ಮಾಡಬೇಕಾಯಿತು, ಅಷ್ಟು ಜನ ಬರುತ್ತಿದ್ದರು. ಗುಮಾಸ್ತರು, ಬಡಗಿಗಳು, ಅಂಗಡಿಯವರು ಎಲ್ಲ ಸಂಜೆ ಕೆಲಸ ಮುಗಿಸಿ ಕ್ಲಬ್ಬು ಹೆಗಲಿಗೇರಿಸಿಕೊಂಡು ಈ ಗುಡ್ಡ ಹತ್ತುತ್ತಿದ್ದರು. (ಕ್ಲಬ್ ಅಂದರೆ ಇಲ್ಲಿ ಹೊಡೆಯುವ ಕೋಲು, ಸಂಘ ಅಲ್ಲ!) ಈಗ ಕೌನ್ಸಿಲ್ ಪರವಾಗಿ ಇದನ್ನು ನೋಡಿಕೊಳ್ಳುತ್ತಿರುವುದು ಎಡಿನ್‌ಬರೋ ಲೀಷರ್ ಅನ್ನುವ ಸಂಸ್ಥೆ. ಊರಿನ ಈಜುಕೊಳ, ಜಿಮ್ಮು ನೋಡಿಕೊಳ್ಳುವುದೂ ಅವರೇ. ಅವರ ವೆಬ್‌ಸೈಟಿನಲ್ಲಿ ದಿನ, ಹೊತ್ತು ನೋಡಿ ಬುಕ್ ಮಾಡಿ, ದುಡ್ಡು ಕಟ್ಟಿ, ಹೋಗಿ ಆಡುವುದು. ಮೆಂಬರ್ ಆಗಬೇಕಿಲ್ಲ, ಯಾರ ಶಿಫಾರಸೂ ಬೇಡ.

ಆದರೆ ನೀವು ಪೂರ್ತಿ ರೌಂಡ್, ಅಂದರೆ 18 ಹೋಲ್‌ಗಳಿಗೂ ಒಂದಾದ ಮೇಲೊಂದರಂತೆ ಚೆಂಡು ಸೇರಿಸುವ ಆಟ, ಆಡಿಲ್ಲ ಅಂದಿರಿ. ಹಾಗಾದರೆ ನೇರ ಬ್ರೇಡ್ ಗುಡ್ಡಕ್ಕೆ ಹೋಗಬೇಡಿ. ರೇಂಜಿನಲ್ಲಿ ಸಮತಟ್ಟು ಮ್ಯಾಟ್ ಮೇಲೆ ನಿಂತು ಹೊಡೆಯುವುದೇ ಬೇರೆ, ಇಲ್ಲಿ ಒಂದು ಕಾಲು ಮೇಲೆ ಇನ್ನೊಂದು ಕಾಲು ಕೆಳಗೆ ಇಟ್ಟು ಗಾಳಿಯಲ್ಲಿ ಹೊಡೆಯುವುದೇ ಬೇರೆ. ಮೊದಲು ಬ್ರಂಟ್ಸ್‌ಫೀಲ್ಡ್ ಬಯಲಿಗೇ ಹೋಗಿ. ಅಲ್ಲಿ ಈಗಲೂ ಕಡಿಮೆ ದೂರದ ಹೋಲ್‌ಗಳ ಆಟ ಇದೆ, ಪಿಚ್ ಅಂಡ್ ಪುಟ್ ಅಂತಾರೆ, ದುಡ್ಡು ಕೊಡಬೇಕಿಲ್ಲ. ಚೆಂಡು ಮೇಲೆತ್ತಿ ಹೊಡೆಯೋಕೆ ಒಂದು ವೆಜ್, ಉರುಳಿಸೋಕೆ ಒಂದು ಪಟರ್, ಎರಡು ಮೂರು ಚೆಂಡು ಇದ್ದರೆ ಸಾಕು. ನಾಲ್ಕು ಸಂಜೆ ಅಲ್ಲಿ ಆಡಿ, ಚೆಂಡು ಹೆಚ್ಚೂಕಡಿಮೆ ಹೇಳಿದ ಕಡೆ ಹೋಗುತ್ತಿದೆ ಅನ್ನಿಸಿದ ಮೇಲೆ ಗುಡ್ಡ ಹತ್ತಿ.

ಹೊತ್ತಿನ ವಿಷಯಕ್ಕೆ ನೀವು ಅದೃಷ್ಟವಂತರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ಸುಮಾರಿಗೆ. ಶನಿವಾರ, ಭಾನುವಾರದ ಬೆಳಗ್ಗೆ ಬುಕ್ ಮಾಡಬೇಡಿ, ಹಿಂದಿನಿಂದ ಚುರುಕಾಗಿ ಆಡುವವರು ಬಂದು ನಿಲ್ಲುತ್ತಾರೆ, ನಿಮಗೆ ಕೈ ನಡುಗುತ್ತೆ. ವಾರದ ಮಧ್ಯೆ ಸಂಜೆ ಹೋಗಿ. ಯಾರಾದರೂ ಹಿಂದೆ ಬಂದರೆ ಪಕ್ಕಕ್ಕೆ ಸರಿದು, ಕೈ ಬೀಸಿ, ಮುಂದೆ ಹೋಗಿ ಅನ್ನಿ. ಅಷ್ಟು ಮಾಡಿದರೆ ನೀವು ಹೊಸಬರು ಅಂತ ಯಾರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಅಲ್ಲಿಯವರಿಗೆ ಕೆಟ್ಟ ಆಟದ ಬಗ್ಗೆ ಬೇಜಾರಿಲ್ಲ, ನಿಧಾನದ ಬಗ್ಗೆ ಇದೆ.

ಇನ್ನೊಂದು ಮಾತು. ಅಲ್ಲಿ ಕ್ಯಾಡಿಗಳಿರುವುದಿಲ್ಲ. ಚೀಲ ಹೊರುವವರು ನೀವೇ, ಚೆಂಡು ಹುಡುಕುವವರೂ ನೀವೇ. ಅರ್ಧ ಸೆಟ್ ಮಾತ್ರ ತಗೊಂಡು ಹೋಗಿ. ಮೊಣಕಾಲು ನಿಮ್ಮದು ಅಲ್ವಾ.

ಪ್ರಶ್ನೆ: ನಾವು ಕಾಫಿ ಬೆಳೆಗಾರರು. ಇಲ್ಲಿ ಗುಡ್ಡದ ಮೈದಾನದಲ್ಲೇ ಆಡಿ ಬೆಳೆದವನು ನಾನು, ಏರಿಳಿತ ಹೊಸದಲ್ಲ. ಬ್ರೇಡ್ ಹಿಲ್ಸ್‌ನಲ್ಲಿ ಆಟ ನಿಜವಾಗಿ ಹೇಗಿರುತ್ತೆ, ಏನು ಕಷ್ಟ, ಯಾವುದಕ್ಕೆ ತಯಾರಾಗಿ ಹೋಗಬೇಕು ಅಂತ ಸ್ವಲ್ಪ ವಿವರವಾಗಿ ಬರೆಯಿರಿ. ಸುಮ್ನೆ 'ನೋಟ ಚೆನ್ನಾಗಿದೆ' ಅಂತ ಬರೆದು ಮುಗಿಸಬೇಡಿ.
— ಓದುಗರು, ಚಿಕ್ಕಮಗಳೂರು

ಉತ್ತರ: ಅಪ್ಪಣೆ! ನೋಟದ ಮಾತು ಆಮೇಲೆ ಬರುತ್ತೆ, ಮೊದಲು ನೆಲದ ಮಾತು.

ನಿಮ್ಮ ಗುಡ್ಡಗಳಿಗೂ ಈ ಗುಡ್ಡಕ್ಕೂ ದೊಡ್ಡ ವ್ಯತ್ಯಾಸ ಮರ. ನಿಮ್ಮಲ್ಲಿ ಮರ ಗಾಳಿ ತಡೆಯುತ್ತೆ, ಬೆಟ್ಟದ ಸಾಲು ತಡೆಯುತ್ತೆ. ಬ್ರೇಡ್ ಗುಡ್ಡದ ಎತ್ತರ ಸುಮಾರು 200 ಮೀಟರ್ ಅಷ್ಟೇ, ಮುಳ್ಳಯ್ಯನಗಿರಿ ಕಂಡವರಿಗೆ ಅದು ದಿಬ್ಬ. ಆದರೆ ಮೇಲೆ ಬೋಳು. ಹುಲ್ಲು, ಬಂಡೆ, ಮುಳ್ಳುಪೊದೆ, ಅಷ್ಟೇ. ಸಮುದ್ರ ಕೆಲವೇ ಮೈಲಿ ದೂರ. ಗಾಳಿಗೆ ಅಡ್ಡ ಯಾರೂ ಇಲ್ಲ. ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರ ನಿಂತಾಗ ಟೋಪಿ ಹಾರಿಹೋಗುವಷ್ಟು ಗಾಳಿ, ಕೆಳಗೆ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಇರುವ ತಗ್ಗಿನಲ್ಲಿ ಬಾವುಟ ಅಲ್ಲಾಡದೆ ನಿಂತಿರುತ್ತೆ. ಬಾವುಟ ನೋಡಿ ಗಾಳಿ ಲೆಕ್ಕ ಹಾಕಿದಿರೋ, ಕೆಟ್ಟಿರಿ. ಒಂದು ಚಿಟಿಕೆ ಹುಲ್ಲು ಕಿತ್ತು ಮೇಲೆ ಎಸೆದು ನೋಡಿ, ಅದು ಹೇಳಿದ್ದನ್ನು ನಂಬಿ.

ಎರಡನೆಯದು ನಿಲ್ಲುವ ಜಾಗ. ಇದು ಹಳೇ ಜ್ವಾಲಾಮುಖಿಯ ಕಲ್ಲಿನ ಗುಡ್ಡ, ಆಮೇಲೆ ಹಿಮನದಿ ಹರಿದು ಉಜ್ಜಿದ್ದು. ಆಟಕ್ಕೆ ಅಂತ ಬುಲ್ಡೋಜರ್ ತಂದು ಸಮ ಮಾಡಿದ ನೆಲ ಅಲ್ಲ, 1889ರಲ್ಲಿ ಬುಲ್ಡೋಜರ್ ಎಲ್ಲಿತ್ತು? ನೆಲ ಹೇಗೆ ಮಡಿಚಿಕೊಂಡಿದೆಯೋ ಹಾಗೇ ಬಿಟ್ಟು, ಅದರ ನಡುವೆ ಗ್ರೀನ್ ಹುಡುಕಿದ್ದಾರೆ. ಹಾಗಾಗಿ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲು ಕತ್ತರಿಸಿದ ದಾರಿ) ಮಧ್ಯಕ್ಕೇ ಹೊಡೆದರೂ ಚೆಂಡು ಸಮ ಜಾಗದಲ್ಲಿ ನಿಲ್ಲುತ್ತೆ ಅನ್ನುವ ಭರವಸೆ ಇಲ್ಲ. ನಿಮಗೆ ಇದೆಲ್ಲ ಗೊತ್ತಿರುತ್ತೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಲಗೈಯವರಾದರೆ, ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಎಳೆಯುತ್ತೆ, ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಓಡುತ್ತೆ. ಏರಿನ ಮೇಲೆ ನಿಂತು ಹೊಡೆದರೆ ಚೆಂಡು ಎತ್ತರಕ್ಕೆ ಹೋಗಿ ಹತ್ತಿರವೇ ಬೀಳುತ್ತೆ, ಆದ್ದರಿಂದ ಒಂದು ನಂಬರ್ ಉದ್ದದ ಕ್ಲಬ್ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಉಲ್ಟಾ, ತಗ್ಗಾಗಿ ಹಾರಿ ಬಿದ್ದು ಉರುಳುತ್ತೆ. ಎರಡೂ ಸಂದರ್ಭದಲ್ಲಿ ಭುಜವನ್ನು ನೆಲದ ಓರೆಗೆ ಹೊಂದಿಸಿಕೊಂಡು ಅರ್ಧ ಜೋರಿನಲ್ಲಿ ಹೊಡೆಯಿರಿ. ಪೂರ್ತಿ ಜೋರು ಹಾಕಿದವರು ಆ ಓರೆಯಲ್ಲಿ ಜಾರಿ ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು, ಇದನ್ನೇ ನಿಜವಾಗಿ ಹೇಳಬೇಕಾದ್ದು, ಗಾರ್ಸ್ ಪೊದೆ. ಸ್ಕಾಟ್ಲೆಂಡಿನವರು ಇದನ್ನು ವಿನ್ ಅಂತಲೂ ಕರೆಯುತ್ತಾರೆ. ಎದೆಮಟ್ಟ, ಕೆಲವು ಕಡೆ ತಲೆಮಟ್ಟ ಬೆಳೆದ ದಟ್ಟ ಪೊದೆ. ಎಲೆ ಅನ್ನುವುದೇ ಇಲ್ಲ, ಇರುವುದೆಲ್ಲ ಹಸಿರು ಮುಳ್ಳು, ಹೊಲಿಗೆ ಸೂಜಿಯಷ್ಟು ಚೂಪು. ಏಪ್ರಿಲ್, ಮೇ ತಿಂಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಅರಿಶಿನ ಬಣ್ಣದ ಹೂವಿನಲ್ಲಿ ಮುಳುಗಿರುತ್ತೆ. ಬಿಸಿಲು ಬಿದ್ದ ಮಧ್ಯಾಹ್ನ ಅದರ ಹತ್ತಿರ ನಿಂತು ಉಸಿರು ಎಳೆದುಕೊಳ್ಳಿ. ತೆಂಗಿನಕಾಯಿ ವಾಸನೆ! ತಮಾಷೆ ಅಲ್ಲ, ನಿಜವಾಗಲೂ. ಯಾರೋ ಪಕ್ಕದಲ್ಲೇ ಕೂತು ಕಾಯಿ ತುರಿಯುತ್ತಿದ್ದಾರೆ ಅನ್ನಿಸುವ ಹಾಗೆ. ಅಷ್ಟು ದೂರದ ಚಳಿ ದೇಶದಲ್ಲಿ, ಒಂದೂ ತೆಂಗಿನಮರ ಇಲ್ಲದ ಗುಡ್ಡದಲ್ಲಿ ಈ ವಾಸನೆ ಮೂಗಿಗೆ ಬಡಿದರೆ ಕರಾವಳಿಯವರಿಗಂತೂ ಆ ಹೋಲ್ ಮುಗಿಯುವವರೆಗೆ ಊಟದ ಯೋಚನೆಯೇ.

ಇದೇ ಗಿಡವನ್ನು ಬ್ರಿಟಿಷರು ನೀಲಗಿರಿಗೂ ತಂದರು. ಊಟಿಯ ಗಾಲ್ಫ್ ಮೈದಾನದಲ್ಲಿ ಆಡಿದ್ದರೆ ನೀವು ನೋಡಿರುತ್ತೀರಿ. ಅಲ್ಲಿ ಅದು ಕಳೆಯಾಗಿ ಹಬ್ಬಿ ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲನ್ನು ನುಂಗುತ್ತಿದೆ. ಬ್ರೇಡ್ ಗುಡ್ಡದಲ್ಲಿ ಅದು ಮನೆಮಗ, ಹಕ್ಕಿಗಳು ಅದರೊಳಗೆ ಗೂಡು ಕಟ್ಟುತ್ತವೆ. ಅವರವರ ಊರಲ್ಲಿ ಅವರವರು ಇದ್ದರೆ ಚೆಂದ, ಏನಂತೀರಿ?

ಆಟಕ್ಕೆ ಬರೋಣ. ಚೆಂಡು ಗಾರ್ಸ್ ಒಳಗೆ ಹೋಯಿತು ಅಂದರೆ ಹೋಯಿತು. ಕಾಣಿಸುತ್ತೆ, ಕೈಗೆ ಸಿಗಲ್ಲ. ಹೊಸಬರು ಕೈ ಹಾಕುತ್ತಾರೆ, ಮೊಣಕೈವರೆಗೆ ಗೀಚಿಸಿಕೊಂಡು ಬರುತ್ತಾರೆ. ಈಗಿನ ನಿಯಮದ ಪ್ರಕಾರ ಹುಡುಕಲು ಸಿಗುವುದು 3 ನಿಮಿಷ. ಅಲ್ಲಿ ಹೋಗಿರಬಹುದು ಅಂತ ಅನುಮಾನ ಬಂದರೆ ಟೀ ಬಿಡುವ ಮುಂಚೆಯೇ 'ಪ್ರಾವಿಷನಲ್' ಅಂತ ಜೊತೆಯವರಿಗೆ ಹೇಳಿ ಇನ್ನೊಂದು ಚೆಂಡು ಹೊಡೆದಿಟ್ಟುಕೊಳ್ಳಿ. ಚೆಂಡು ಸಿಕ್ಕಿಯೂ ಹೊಡೆಯೋಕೆ ಆಗದ ಹಾಗಿದ್ದರೆ 'ಅನ್‌ಪ್ಲೇಯಬಲ್' ಅಂತ ಹೇಳಿ ಒಂದು ಹೊಡೆತ ದಂಡ ತೆತ್ತು ಹೊರಗೆ ಡ್ರಾಪ್ ಮಾಡಿ, ಅಂದರೆ ಕೈಯಿಂದ ಚೆಂಡು ಬೀಳಿಸಿ. ಗಂಡಸುತನ ತೋರಿಸಲು ಅದು ಜಾಗ ಅಲ್ಲ. ಮತ್ತೆ, ನಿಮ್ಮ ಬ್ರಾಂಡೆಡ್ ದುಬಾರಿ ಚೆಂಡನ್ನು ಊರಲ್ಲೇ ಬಿಟ್ಟು ಬನ್ನಿ. ಅಲ್ಲಿ ಹಳೇ ಚೆಂಡುಗಳ ಪ್ಯಾಕೆಟ್ ಅಗ್ಗಕ್ಕೆ ಸಿಗುತ್ತೆ, ಅದೇ ಸರಿ.

ಕುರುಡು ಹೊಡೆತಗಳೂ ಇವೆ. ಅಂದರೆ ದಿಬ್ಬದ ಆಚೆ ಗ್ರೀನ್ ಇದೆ, ನಿಮಗೆ ಕಾಣುವುದಿಲ್ಲ, ಅಂದಾಜಿನ ಮೇಲೆ ದಿಬ್ಬದ ನೆತ್ತಿ ದಾಟಿಸಬೇಕು. ಇಂಥ ಕಡೆ ಅವಸರ ಬೇಡ. ಒಬ್ಬರು ಮೇಲೆ ಹೋಗಿ ಆಚೆ ಯಾರೂ ಇಲ್ಲ ಅಂತ ನೋಡಿ ಬರಲಿ. ಚೆಂಡು ಯಾರ ಕಡೆಗಾದರೂ ಹೋಯಿತು ಅನ್ನಿಸಿದರೆ ನಾಚಿಕೆ ಬಿಟ್ಟು 'ಫೋರ್' ಅಂತ ಗಂಟಲು ಹರಿಯುವ ಹಾಗೆ ಕೂಗಿ.

ಗಾಳಿ, ಮಳೆ ಎರಡೂ ಅರ್ಧ ಗಂಟೆಗೆ ಬದಲಾಗುತ್ತವೆ. ಜೊತೆಗೆ ಪೂರ್ವ ಕರಾವಳಿಯಲ್ಲಿ 'ಹಾರ್' ಅಂತ ಒಂದು ಸಮುದ್ರದ ಮಂಜು ಬರುತ್ತೆ. ಒಳನಾಡಿನಲ್ಲಿ ಒಳ್ಳೇ ಬಿಸಿಲಿರುತ್ತೆ, ಇಲ್ಲಿ ಮಾತ್ರ ಬೆಳ್ಳಗೆ ಮುಚ್ಚಿಕೊಂಡು ಬಾವುಟವೇ ಕಾಣಲ್ಲ. ಕಾಫಿ ತೋಟದ ಮಂಜು ಕಂಡವರಿಗೆ ಹೊಸದಲ್ಲ, ಆದರೆ ಜೂನ್ ತಿಂಗಳಲ್ಲಿ ಸ್ವೆಟರ್ ಬೇಕಾಗುತ್ತೆ ಅನ್ನುವುದು ತಲೆಯಲ್ಲಿರಲಿ. ನೀರು ಒಳಗಿಳಿಯದ ಶೂ ಮಾತ್ರ ಖಂಡಿತ ಬೇಕು.

ಇಷ್ಟೆಲ್ಲ ಕಷ್ಟ ಹೇಳಿದೆ, ಈಗ ನೋಟ. ಮೇಲಿನ ಟೀ ಹತ್ತಿರ ನಿಂತು ಉತ್ತರಕ್ಕೆ ತಿರುಗಿದರೆ ಇಡೀ ಎಡಿನ್‌ಬರೋ ಕೆಳಗೆ ಇರುತ್ತೆ. ಕೋಟೆ, ಅದರ ಬಂಡೆ, ಬಲಕ್ಕೆ ಆರ್ಥರ್ಸ್ ಸೀಟ್ ಬೆಟ್ಟ, ಆಚೆ ಫೋರ್ತ್ ನದಿ ಸಮುದ್ರ ಸೇರುವ ಅಗಲವಾದ ನೀರು, ಅದರಾಚೆ ಫೈಫ್ ಸೀಮೆಯ ಗುಡ್ಡಗಳು. ಹಿಂದೆ ತಿರುಗಿದರೆ ಪೆಂಟ್ಲೆಂಡ್ ಬೆಟ್ಟಗಳ ಸಾಲು. ಸ್ಕೋರು ಹಾಳಾದ ದಿನ ಇದನ್ನು ನೋಡಿಕೊಂಡೇ ಸಮಾಧಾನ ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ಗಾಲ್ಫ್ ಆಡಿದರೆ ಸೇಂಟ್ ಆಂಡ್ರ್ಯೂಸ್‌ನಲ್ಲೇ ಆಡಬೇಕು ಅಂತಾರೆ. ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಈ ಗುಡ್ಡಕ್ಕೆ ಯಾಕೆ ಹೋಗಬೇಕು?
— ಓದುಗರು, ಬೆಂಗಳೂರು

ಉತ್ತರ: ಸೇಂಟ್ ಆಂಡ್ರ್ಯೂಸ್ ಊರಿನ ಹೆಸರಾಂತ ಓಲ್ಡ್ ಕೋರ್ಸ್ ಕೂಡ ಸಾರ್ವಜನಿಕ ಮೈದಾನವೇ, ಒಂದು ಟ್ರಸ್ಟ್ ನಡೆಸುತ್ತೆ. ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಸೀಸನ್ನಿನಲ್ಲಿ ಒಬ್ಬರಿಗೆ ಒಂದು ರೌಂಡಿಗೆ 300 ಪೌಂಡ್ ದಾಟಿದೆ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) ಪುರಾವೆ ಕೇಳುತ್ತಾರೆ, ಮೊದಲೇ ಬುಕ್ ಆಗದಿದ್ದವರು ಲಾಟರಿಯಲ್ಲಿ ಹೆಸರು ಬರಲಿ ಅಂತ ಕಾಯಬೇಕು. ಭಾನುವಾರ ಅಲ್ಲಿ ಆಟವೇ ಇಲ್ಲ. ಅವತ್ತು ಯಾರು ಬೇಕಾದರೂ ಆ ಹುಲ್ಲಿನ ಮೇಲೆ ಸುಮ್ನೆ ನಡೆದಾಡಬಹುದು. ನನ್ನ ಸಲಹೆ ಕೇಳಿದರೆ, ಭಾನುವಾರ ರೈಲಿನಲ್ಲಿ ಲೂಕರ್ಸ್‌ವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಸೇಂಟ್ ಆಂಡ್ರ್ಯೂಸ್ ನೋಡಿ ಬನ್ನಿ, ಮೈದಾನದಲ್ಲಿರುವ ಹಳೇ ಕಲ್ಲಿನ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಿ. ಆಟ ಮಾತ್ರ ಬ್ರೇಡ್ ಗುಡ್ಡದಲ್ಲಿ ಆಡಿ. ಅದಕ್ಕೆ ಆಗುವ ಖರ್ಚು ಓಲ್ಡ್ ಕೋರ್ಸ್ ಖರ್ಚಿನ ಪಕ್ಕ ಇಟ್ಟರೆ ಲೆಕ್ಕಕ್ಕೇ ಇಲ್ಲ.

ಪ್ರಶ್ನೆ: ನನ್ನ ಯಜಮಾನರು, ಮಗ ಇಬ್ಬರೂ ಆಡುತ್ತಾರೆ. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ನಾಲ್ಕು ಗಂಟೆ ನಾನು ಕ್ಲಬ್‌ಹೌಸಿನಲ್ಲಿ ಕೂತು ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಮೇಡಂ, ಕೂರಬೇಡಿ, ನಡೆಯಿರಿ! ಈ ಜಾಗದ ನಿಜವಾದ ಲಾಭ ನಿಮ್ಮಂಥವರಿಗೇ.

ಸ್ಕಾಟ್ಲೆಂಡಿನಲ್ಲಿ 2003ರಲ್ಲಿ ಬಂದ ಭೂಸುಧಾರಣೆ ಕಾಯ್ದೆ ಪ್ರಕಾರ ಜನರಿಗೆ ಬಯಲು, ಗುಡ್ಡ, ಕಾಡುಗಳಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕಿದೆ. ನಮ್ಮಲ್ಲಿ ಭೂಸುಧಾರಣೆ ಅಂದರೆ ಉಳುವವನಿಗೆ ಹೊಲ ಅಂತ ನೆನಪಾಗುತ್ತೆ, ಅಲ್ಲಿ ಅದರೊಳಗೆ ನಡೆಯುವವರ ಹಕ್ಕೂ ಸೇರಿದೆ. ಗಾಲ್ಫ್ ಮೈದಾನವನ್ನೂ ಅಡ್ಡ ದಾಟಬಹುದು. ಗ್ರೀನ್ ಮೇಲೆ ಕಾಲಿಡಬಾರದು, ಆಡುವವರಿಗೆ ಅಡ್ಡಿ ಮಾಡಬಾರದು, ಅಷ್ಟೇ. ಬ್ರೇಡ್ ಗುಡ್ಡದಲ್ಲಂತೂ ಮೈದಾನದ ಸುತ್ತ ಕಾಲುದಾರಿ, ಕುದುರೆ ಓಡಿಸುವವರ ದಾರಿ ಎಲ್ಲ ಇದೆ. ನಾಯಿ ಕರೆದುಕೊಂಡು ಬಂದವರು, ಓಡುವವರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡವರು ಎಲ್ಲ ಸಿಗುತ್ತಾರೆ. ಯಾರಾದರೂ ಹೊಡೆಯಲು ನಿಂತಿದ್ದು ಕಂಡರೆ ಒಂದು ನಿಮಿಷ ನಿಂತುಬಿಡಿ. 'ಫೋರ್' ಅಂತ ಕೂಗು ಕೇಳಿದರೆ ಯಾರು ಅಂತ ತಿರುಗಿ ನೋಡಬೇಡಿ, ತಲೆಗೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿ.

ಗುಡ್ಡದ ಉತ್ತರಕ್ಕೆ ಇಳಿದರೆ ಹರ್ಮಿಟೇಜ್ ಆಫ್ ಬ್ರೇಡ್ ಅಂತ ಒಂದು ಕಣಿವೆ. ದೊಡ್ಡ ಮರಗಳು, ನಡುವೆ ಬ್ರೇಡ್ ಬರ್ನ್ ಅನ್ನುವ ಹಳ್ಳ. ಮೇಲೆ ಬೋಳು ಗಾಳಿ, ಕೆಳಗೆ ತಂಪು ನೆರಳು, ಹತ್ತು ಹದಿನೈದು ನಿಮಿಷದ ಅಂತರದಲ್ಲಿ. ಆಚೆ ಬದಿಗೆ ಬ್ಲ್ಯಾಕ್‌ಫರ್ಡ್ ಬೆಟ್ಟ. ಅದರ ಬುಡದಲ್ಲಿ ಒಂದು ಬಂಡೆ ಇದೆ. 1840ರಲ್ಲಿ ಲೂಯಿ ಅಗಾಸಿ ಅನ್ನುವ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅದನ್ನು ನೋಡಿ, ಇದು ಹಿಮನದಿ ಉಜ್ಜಿದ ಗುರುತು ಅಂದರು. ಸ್ಕಾಟ್ಲೆಂಡ್ ಒಂದು ಕಾಲಕ್ಕೆ ಹಿಮದ ಕೆಳಗಿತ್ತು ಅನ್ನುವ ಮಾತನ್ನು ಜನ ಆಗಿನ್ನೂ ನಂಬಿರಲಿಲ್ಲ. ಅವರಿಬ್ಬರೂ ಚೆಂಡು ಹುಡುಕುತ್ತಿರಲಿ, ನೀವು ಇದನ್ನು ನೋಡಿ ಬನ್ನಿ. ತಿನ್ನಲು ಚಪಾತಿ ಪಲ್ಯ ಸುತ್ತಿಕೊಂಡು ಹೋಗಿ. ಅಲ್ಲಿನ ಬೇಳೆ ಸೂಪ್ ಚೆನ್ನಾಗಿರುತ್ತೆ, ಆದರೆ ಕೆಲವರು ಅದಕ್ಕೆ ಹಂದಿ ಮಾಂಸ ಹಾಕುತ್ತಾರೆ, ಸಸ್ಯಾಹಾರಿಗಳಾದರೆ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಬ್ರೇಡ್ ಹಿಲ್ಸ್ ಅಂದರೆ ಹಳೇ ಚಾಂಪಿಯನ್ ಜೇಮ್ಸ್ ಬ್ರೇಡ್ ಹೆಸರಿನಲ್ಲಿ ಇಟ್ಟಿದ್ದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ, ಗುಡ್ಡದ ಹೆಸರು ಅವರಿಗಿಂತ ಬಹಳ ಹಳೆಯದು. ಆದರೆ ಅವರು ಇಲ್ಲಿ ಆಡಿದ್ದು ನಿಜ. ಫೈಫ್ ಕಡೆಯಿಂದ ಬಂದು ಎಡಿನ್‌ಬರೋದಲ್ಲಿ ಮರಗೆಲಸ ಮಾಡಿಕೊಂಡಿದ್ದರು, ಬಿಡುವಿನಲ್ಲಿ ಈ ಗುಡ್ಡದಲ್ಲಿ ಆಡುತ್ತಿದ್ದರು. ಮುಂದೆ 1901ರಿಂದ 1910ರ ಒಳಗೆ 5 ಸಲ ಓಪನ್ ಗೆದ್ದರು. ಎಡಿನ್‌ಬರೋದಲ್ಲೇ ಹುಟ್ಟಿ ಬ್ರೇಡ್ ಗುಡ್ಡದಲ್ಲಿ ಆಡಿ ಬೆಳೆದ ಇನ್ನೊಬ್ಬರು ಟಾಮಿ ಆರ್ಮರ್. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವರು. ಆಮೇಲೆ ಅಮೆರಿಕಕ್ಕೆ ಹೋಗಿ 1927ರಲ್ಲಿ ಯುಎಸ್ ಓಪನ್, 1931ರಲ್ಲಿ ಬ್ರಿಟನ್ನಿನ ಓಪನ್ ಗೆದ್ದರು. ಕೌನ್ಸಿಲ್ಲಿನ ಮೈದಾನದಿಂದ ಬಂದವರು ಅನ್ನುವುದನ್ನು ಗಮನಿಸಿ.

ಪ್ರಶ್ನೆ: ರೈತರ ಬೋರ್‌ವೆಲ್ ಬತ್ತಿರುವ ಕಾಲದಲ್ಲಿ ಎಕರೆಗಟ್ಟಲೆ ಹುಲ್ಲಿಗೆ ನೀರು ಬಿಟ್ಟು ಆಡುವ ಶ್ರೀಮಂತರ ಆಟದ ಬಗ್ಗೆ ಪುಟಗಟ್ಟಲೆ ಬರೆಯುವುದು ನಿಮಗೆ ಸರಿ ಅನ್ನಿಸುತ್ತಾ?
— ಓದುಗರು, ಕೋಲಾರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕೋಲಾರದವರು ನೀರಿನ ಬಗ್ಗೆ ಕೇಳಿದರೆ ಎದುರು ವಾದಿಸುವ ಮುಖ ನನಗಿಲ್ಲ. ಬಯಲುಸೀಮೆಯಲ್ಲಿ ಹೊಸದಾಗಿ ಗಾಲ್ಫ್ ರೆಸಾರ್ಟ್ ಮಾಡುತ್ತೇವೆ ಅಂತ ಯಾರಾದರೂ ಬಂದರೆ ಮೊದಲು ನೀರಿನ ಲೆಕ್ಕ ಕೇಳಬೇಕು ಅನ್ನುವವರಲ್ಲಿ ನಾನೂ ಒಬ್ಬ.

ಆದರೆ ಆಟಕ್ಕೂ ಅದನ್ನು ನಾವು ಇಲ್ಲಿ ನಡೆಸುವ ರೀತಿಗೂ ಸ್ವಲ್ಪ ವ್ಯತ್ಯಾಸ ಇದೆ. ಬ್ರೇಡ್ ಗುಡ್ಡದ ಹುಲ್ಲು ಬೆಳೆಸುವುದು ಮಳೆ. ಬೇಸಿಗೆಯಲ್ಲಿ ಒಣಗಿದರೆ ಫೇರ್‌ವೇ ಕಂದು ಬಣ್ಣಕ್ಕೆ ತಿರುಗುತ್ತೆ, ಅದರ ಮೇಲೇ ಆಡುತ್ತಾರೆ, ಚೆಂಡು ಇನ್ನಷ್ಟು ಉರುಳುತ್ತೆ ಅಂತ ಖುಷಿಯೇ ಪಡುತ್ತಾರೆ. ಟಿವಿಯಲ್ಲಿ ಕಾಣುವ ಕಾರ್ಪೆಟ್ಟಿನಂಥ ಹಸಿರು ಆ ಆಟಕ್ಕೆ ಬೇಕೇ ಬೇಕು ಅಂತ ಏನಿಲ್ಲ.

ಶ್ರೀಮಂತರ ಆಟ ಅನ್ನುವುದರಲ್ಲೂ ಅರ್ಧ ಸತ್ಯ ಇದೆ. ಗಾಲ್ಫ್ ನಮ್ಮ ದೇಶಕ್ಕೆ ಬಂದದ್ದೇ ದೊರೆಗಳ ಜೊತೆ. ಕಲ್ಕತ್ತದಲ್ಲಿ 1829ರಲ್ಲೇ ಕ್ಲಬ್ ಶುರುವಾಯಿತು, ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅಂದರೆ ಎಡಿನ್‌ಬರೋ ಕೌನ್ಸಿಲ್ ಜನರಿಗಾಗಿ ಗುಡ್ಡ ಕೊಂಡುಕೊಳ್ಳುವುದಕ್ಕೆ 13 ವರ್ಷ ಮುಂಚೆಯೇ ನಮ್ಮ ಊರಲ್ಲಿ ಗಾಲ್ಫ್ ಇತ್ತು. ಕ್ಲಬ್ಬು ಬಂತು, ಆ ಕೌನ್ಸಿಲ್ ಗುಡ್ಡದ ಪದ್ಧತಿ ಮಾತ್ರ ಹಡಗು ಹತ್ತಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ. 2021ರಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದಾಗ ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಬೆಳಗ್ಗೆ ಎದ್ದು ಟಿವಿ ಹಾಕಿದರು. ಅವತ್ತು ಆಟ ನೋಡಿ ಆಸೆ ಪಟ್ಟ ಮಗುವನ್ನು ಅಪ್ಪ ಅಮ್ಮ ಎಲ್ಲಿಗೆ ಕರೆದುಕೊಂಡು ಹೋಗಬೇಕು ಹೇಳಿ?

ಹಾಗಂತ ಸ್ಕಾಟ್ಲೆಂಡಿನವರೆಲ್ಲ ಧರ್ಮರಾಯರೇನಲ್ಲ. ಎಡಿನ್‌ಬರೋದ ಹಳೇ ಗಾಲ್ಫರುಗಳ ಕ್ಲಬ್ ಒಂದಿದೆ, 1744ರಲ್ಲಿ ಲೀತ್ ಬಯಲಿನಲ್ಲಿ ಆಟಕ್ಕೆ 13 ನಿಯಮ ಬರೆದವರು. ಈಗ ಅವರ ಮನೆ ಮ್ಯೂರ್‌ಫೀಲ್ಡ್ ಮೈದಾನ. ಹೆಂಗಸರನ್ನು ಮೆಂಬರ್ ಮಾಡಿಕೊಳ್ಳಬೇಕಾ ಅಂತ ಅವರು ವೋಟು ಹಾಕಿ ಒಪ್ಪಿದ್ದು 2017ರಲ್ಲಿ! ಅದೂ 2016ರಲ್ಲಿ ಒಂದು ಸಲ ಬೇಡ ಅಂದು, ಊರೆಲ್ಲ ಉಗಿಸಿಕೊಂಡ ಮೇಲೆ.

ಪ್ರಶ್ನೆ: ನಾನು ಎಡಿನ್‌ಬರೋದಲ್ಲಿ ಓದುತ್ತಿದ್ದೇನೆ. ಹೋದ ವಾರ ಬ್ರೇಡ್ಸ್‌ನಲ್ಲಿ ನನ್ನ ಚೆಂಡು ಫೇರ್‌ವೇ ಮೇಲೆ ಚೆನ್ನಾಗಿ ನಿಂತಿತ್ತು. ಎಲ್ಲಿಂದಲೋ ಒಂದು ಲ್ಯಾಬ್ರಡಾರ್ ಬಂದು ಬಾಯಲ್ಲಿ ಕಚ್ಚಿಕೊಂಡು ಓಡಿಹೋಯಿತು. ಜೊತೆಯಲ್ಲಿದ್ದವನು ದಂಡ ಹಾಕಿಕೋ ಅಂದ. ನಿಯಮ ಏನು?
— ವಿದ್ಯಾರ್ಥಿ, ಎಡಿನ್‌ಬರೋ

ಉತ್ತರ: ದಂಡ ಇಲ್ಲ. ನಿಂತ ಚೆಂಡನ್ನು ನಾಯಿ ಎತ್ತಿಕೊಂಡು ಹೋದರೆ ಅದು ಹೊರಗಿನವರ ಕೈವಾಡ. ಚೆಂಡು ಮೊದಲು ಎಲ್ಲಿತ್ತೋ ಅಲ್ಲೇ, ಗೊತ್ತಾಗದಿದ್ದರೆ ಅಂದಾಜಿನ ಜಾಗದಲ್ಲಿ, ಬೇರೆ ಚೆಂಡು ಇಟ್ಟು ಆಡಬಹುದು. ಉರುಳುತ್ತಿದ್ದ ಚೆಂಡು ನಾಯಿಗೆ ತಗುಲಿ ನಿಂತಿದ್ದರೆ ಮಾತ್ರ ಬೇರೆ ಲೆಕ್ಕ. ಆಗ ಸಾಮಾನ್ಯವಾಗಿ ನಿಂತಲ್ಲಿಂದಲೇ ಆಡಬೇಕು. ಆ 1744ರ 13 ನಿಯಮಗಳಲ್ಲೇ ಇದು ಇದೆ. ಮನುಷ್ಯ, ಕುದುರೆ, ನಾಯಿ, ಇನ್ನೇನಾದರೂ ಚೆಂಡನ್ನು ತಡೆದರೆ ಬಿದ್ದಲ್ಲಿಂದಲೇ ಹೊಡೆಯಬೇಕು ಅಂತ. ಆಗಲೂ ಬಯಲಲ್ಲಿ ನಾಯಿಗಳ ಕಾಟ ಇತ್ತು ಅಂತಾಯಿತು!

ನಿಮ್ಮ ಸ್ನೇಹಿತನಿಗೆ ಈ ಪುಟ ತೋರಿಸಿ ಆ ಒಂದು ಹೊಡೆತ ವಾಪಸ್ ತೆಗೆದುಕೊಳ್ಳಿ. ಚೆಂಡಿನ ಆಸೆ ಬಿಡಿ. ಲ್ಯಾಬ್ರಡಾರ್ ಬಾಯಿಂದ ವಾಪಸ್ ಬಂದರೂ ಅದನ್ನು ಕೈಯಲ್ಲಿ ಹಿಡಿಯೋಕೆ ನಿಮಗೆ ಮನಸ್ಸಾಗಲ್ಲ.